ಒಗೆಯಬಾರದಿದ್ದ ಅಂಗಿ

ಮೇಘನಾ, ಬರುವ ಬೇಸಿಗೆಯಲ್ಲಿ ನೀನು ಬೇಸ್‌ಬಾಲ್ ತಂಡವೊಂದರ ಉಡುಪಿನ ಕೋಣೆಯಲ್ಲಿ ಕೆಲಸಕ್ಕೆ ಸೇರುತ್ತಿದ್ದೀಯ. ಮೊನ್ನೆ ಊಟ ಮಾಡುವಾಗ ನಿನ್ನ ತಮ್ಮ ತೇಜಸ್‌ಗೆ ನೀನು, "ಅಜ್ಜಿ ವಾಶ್ಡ್ ದ ಗ್ರೇಟ್ಸ್, ಯು ನೋ? ಇಂಟರ್‌ವ್ಯೂನಲ್ಲಿ ನಾನು ಅದನ್ನೇ ಹೇಳಿದ್ದು" ಎಂದೆ, ನಾನು ಮಹಾ ಆಟಗಾರರ ಬಟ್ಟೆ ಒಗೆದವಳೆಂದು. ಎಲ್ಲರೂ ನನ್ನ ಕಡೆ ನೋಡಿದಿರಿ. ನಾನು ಸಾರು ಬಡಿಸುವ ನೆಪದಲ್ಲಿ ಎದ್ದುಹೋದೆ. ನೀವು ಅದನ್ನು ಸಂಕೋಚವೆಂದುಕೊಂಡಿರಿ. ಅದು ಸಂಕೋಚವಲ್ಲ.

ಮುಖ ನೋಡಿಕೊಂಡು ಮಾತನಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಮದ್ದೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮಾತಿಗಿಂತ ಬರವಣಿಗೆ ವಾಸಿ ಎಂದು ಮೇಷ್ಟ್ರು ಹೇಳುತ್ತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತದ್ದು ಸಾಲದಿದ್ದರೆ ಅಮ್ಮನ ಕೈಯಲ್ಲಿ ಓದಿಸಿಕೊ. ಅವಳಿಗೂ ಇದು ಗೊತ್ತಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಸೇರಿದೆ. ಅದುವರೆಗೆ ಮನೆಯ ಹೊರಗೆ ಒಂದು ದಿನವೂ ದುಡಿದವಳಲ್ಲ. ಆ ಕೆಲಸದ ಮಾತು ಹುಟ್ಟಿದ್ದು ಇಲ್ಲಿ ನ್ಯೂಜೆರ್ಸಿಯಲ್ಲಿ, ನಮ್ಮ ಬೀದಿಯ ಲಾಂಡ್ರಿ ಅಂಗಡಿಯಲ್ಲಿ, ಕಾಸು ಹಾಕಿ ಬಟ್ಟೆ ಒಗೆಯುವ ಜಾಗದಲ್ಲಿ. ಒಂದು ಬಿಳಿ ಪಂಚೆಯ ಅರಿಸಿನದ ಕಲೆಯನ್ನು ಸಿಂಕಿನಲ್ಲಿ ಉಜ್ಜುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ, ತಲೆಗೆ ದುಪಟ್ಟಾ ಹೊದ್ದ ಹೆಂಗಸೊಬ್ಬಳು ಬಹಳ ಹೊತ್ತು ನೋಡಿದಳು. ಆಮೇಲೆ ಅಚ್ಚ ಮೈಸೂರಿನ ಕನ್ನಡದಲ್ಲಿ ಕೇಳಿದಳು.

"ಏನಮ್ಮಾ, ಅರಿಸಿನ ಹೋಗಿಸ್ಬಿಟ್ಟೆಯಲ್ಲ! ನಂಗೂ ಆಗಲ್ಲ ಅದು. ಏನು ಹಾಕ್ದೆ?"

"ಏನಿಲ್ಲ, ಸೋಪು ಹಚ್ಚಿ ಬಿಸಿಲಿಗೆ ಇಟ್ಟಿದ್ದೆ."

"ಕೆಲಸ ಮಾಡ್ತೀಯಾ? ನಮ್ಮಲ್ಲಿ ಒಬ್ಬಳು ಬೇಕು. ಹುಡುಗರು ದಿನಾ ಮಣ್ಣಲ್ಲಿ ಬಿದ್ದು ಹೊರಳಾಡ್ತಾರೆ, ನಾವು ದಿನಾ ಒಗೀತೀವಿ. ಅಷ್ಟೇ ಕೆಲಸ."

ಅವಳೇ ನೂರ್‌ಜಾನ್. ಮೈಸೂರಿನ ಮಂಡಿ ಮೊಹಲ್ಲಾದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನಂತೆಯೇ ಗಂಡನನ್ನು ಕಳೆದುಕೊಂಡವಳು. ನಾನು ಅವಳನ್ನು ನೂರಕ್ಕ ಎಂದು ಕರೆಯುತ್ತಿದ್ದೆ. ಅವಳು ಕೆಲಸ ಮಾಡುತ್ತಿದ್ದದ್ದು ನಮ್ಮ ನ್ಯೂಜೆರ್ಸಿಯ ಒಂದು ಸಣ್ಣ ಬೇಸ್‌ಬಾಲ್ ತಂಡದಲ್ಲಿ. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ, ಕಿಟಕಿಯಿಲ್ಲದ ಒಂದು ಕೋಣೆ. ನಾಲ್ಕು ದೊಡ್ಡ ಯಂತ್ರ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು. ತಲೆಯ ಮೇಲೆ ಜನ ಕಾಲು ಕುಟ್ಟಿದರೆ ಯಾರೋ ಚೆನ್ನಾಗಿ ಹೊಡೆದರು ಎಂದು ನಮಗೆ ತಿಳಿಯುತ್ತಿತ್ತು. ಆಟವನ್ನು ನಾನು ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು.

ಕೆಲಸದ ವಿಷಯ ಸ್ವಲ್ಪ ಹೇಳುತ್ತೇನೆ, ನಿನಗೆ ಉಪಯೋಗವಾಗಬಹುದು. ಮೈದಾನದ ಕೆಂಪು ಮಣ್ಣಿನ ಕಲೆಯನ್ನು ಹಸಿಯಲ್ಲಿ ಮುಟ್ಟಬಾರದು. ಒಣಗಲಿ. ಒಣಗಿದ ಮೇಲೆ ಬ್ರಶ್ಶಿನಿಂದ ಕೊಡವಿ, ಆಮೇಲೆ ತಣ್ಣೀರು. ಬಿಸಿನೀರು ಹಾಕಿದರೆ ಮಣ್ಣು ನೂಲಿನೊಳಗೇ ಮನೆ ಮಾಡುತ್ತದೆ. ಹುಲ್ಲಿನ ಹಸಿರಿಗೆ ವಿನಿಗರ್. ಬ್ಯಾಟಿನ ಹಿಡಿಗೆ ಹಚ್ಚುವ ಅಂಟು ತಾಗಿದ್ದರೆ ಮೊದಲು ಎಣ್ಣೆ, ಆಮೇಲೆ ಸೋಪು. ಸೇರಿದ ಮೊದಲ ತಿಂಗಳು ಒಂದು ಅಂಗಿಯ ಬೆನ್ನಿನ ಸಂಖ್ಯೆಯ ಮೇಲೆ ನೇರವಾಗಿ ಇಸ್ತ್ರಿ ಇಟ್ಟು, ಸಂಖ್ಯೆಯೇ ಕರಗಿ ಪೆಟ್ಟಿಗೆಗೆ ಅಂಟಿಕೊಂಡಿತ್ತು. ನಮ್ಮ ಮೇಲಿನವನು ಡಾನ್ ಎಂಬ ಬಿಳಿಗೂದಲಿನ ಮನುಷ್ಯ. ಅವನು ಆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೋಡಿ, "ಸ್ಯಾರಾ, ಇನ್ನು ಈ ಪೆಟ್ಟಿಗೆಯೇ ನಮ್ಮ ಏಳನೇ ನಂಬರಿನ ಆಟಗಾರ" ಎಂದ. ಸರೋಜ ಎನ್ನುವುದು ಅವನಿಗೆ ಬರುತ್ತಿರಲಿಲ್ಲ.

ಗ್ರೇಟ್ಸ್ ಎಂದೆಯಲ್ಲ, ಅವರ ಬಗ್ಗೆಯೂ ಹೇಳಬೇಕು. ಸಣ್ಣ ತಂಡಕ್ಕೆ ದೊಡ್ಡ ಆಟಗಾರರು ಸುಖವಾಗಿದ್ದಾಗ ಬರುವುದಿಲ್ಲ. ಗಾಯವಾಗಿ, ಕೈ ಪಳಗಿಸಿಕೊಳ್ಳಲು ವಾರ ಎರಡು ವಾರ ಬರುತ್ತಾರೆ. ಇಲ್ಲವೇ ದೊಡ್ಡ ತಂಡಗಳು ಬೇಡವೆಂದ ಮೇಲೆ, ಇನ್ನೂ ಒಂದು ವರ್ಷ ಆಡಬಲ್ಲೆ ಎಂಬ ಆಸೆಯಿಂದ ಬರುತ್ತಾರೆ. ಒಂದು ಕಾಲಕ್ಕೆ ಇಡೀ ದೇಶ ನೋಡುತ್ತಿದ್ದ ಒಬ್ಬ ಚೆಂಡೆಸೆಗಾರ ನಲವತ್ತು ದಾಟಿದ ಮೇಲೆ ನಮ್ಮಲ್ಲಿಗೆ ಬಂದ. ತನ್ನ ಕಾಲುಚೀಲಗಳನ್ನು ತಾನೇ ಸರಿಮಗ್ಗುಲಿಗೆ ತಿರುವಿ ಬುಟ್ಟಿಗೆ ಹಾಕುತ್ತಿದ್ದವನು ಅವನೊಬ್ಬನೇ. ಒಂದು ದಿನ ಯಾರೂ ಇಲ್ಲದಾಗ ಪ್ಯಾಂಟು ಹಿಡಿದುಕೊಂಡು ಬಂದು, ಸೊಂಟ ಸ್ವಲ್ಪ ಬಿಡಿಸಿಕೊಡಲಾಗುತ್ತದೆಯೇ, ಹುಡುಗರಿಗೆ ಹೇಳಬೇಡಿ ಎಂದು ಪಿಸುಗುಟ್ಟಿದ. ಎರಡು ಬೆರಳಷ್ಟು ಬಿಡಿಸಿಕೊಟ್ಟೆ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಬಟ್ಟೆ ಮುಟ್ಟುವವರಿಗೆ ಮನುಷ್ಯರ ಗುಟ್ಟು ಗೊತ್ತಾಗುತ್ತದೆ. ಅದನ್ನು ಕಾಪಾಡುವುದೂ ಸಂಬಳದೊಳಗೇ ಸೇರಿದೆ.

ಇನ್ನೊಬ್ಬನ ಟೋಪಿಯ ಕಥೆ. ಬೆವರಿನ ಉಪ್ಪು ಬಿಳಿ ಗೆರೆಗಳಾಗಿ ಕಟ್ಟಿ, ಟೋಪಿ ಹಪ್ಪಳದಂತಾಗಿತ್ತು. ಪಾಪ, ಯಾರೂ ನೋಡಿಲ್ಲ ಎಂದುಕೊಂಡು ಒಗೆದು ಒಣಹಾಕಿದೆ. ಅವನು ಬಂದು ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತುಬಿಟ್ಟ. ಹನ್ನೊಂದು ಪಂದ್ಯಗಳಿಂದ ಚೆನ್ನಾಗಿ ಹೊಡೆಯುತ್ತಿದ್ದನಂತೆ. ಹಾಗೆ ಆಡುತ್ತಿರುವಾಗ ಆಟಗಾರರು ತಮ್ಮ ಯಾವುದಾದರೂ ಒಂದು ಬಟ್ಟೆಯನ್ನು ಒಗೆಯಲು ಬಿಡುವುದಿಲ್ಲ. ನನಗೆ ಏನು ಗೊತ್ತು? ಡಾನ್ ನನ್ನನ್ನು ಬದಿಗೆ ಕರೆದು, "ಆಸ್ಕ್ ಫಸ್ಟ್, ಸ್ಯಾರಾ. ಆಲ್ವೇಸ್ ಆಸ್ಕ್" ಎಂದ. ನೂರಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿಮ್ಮೂರಲ್ಲಿ ದೇವ್ರಿಗೆ ಬಿಟ್ಟ ಬಸವನಿಗೂ ಸೋಪು ಹಚ್ತಿದ್ರೇನೇ ಸರೋಜಾ?"

"ಕೊಳೆ ಇದ್ರೆ ಹಚ್ಚೋದೇ ಮತ್ತೆ."

"ನಿನ್ನ ಕೈಗೆ ಕೋಳ ಹಾಕ್ಬೇಕು ನೋಡು."

ಇದನ್ನು ಯಾಕೆ ಬರೆದೆನೆಂದರೆ, ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ನೀನು ನನ್ನ ಪರ ವಹಿಸಬಾರದು. ನನಗೆ ಮೊದಲೇ ಹೇಳಿದ್ದರು.

ಬ್ಯಾಂಕುಗಳು ಮುಳುಗಿದ ಮರುವರ್ಷದ ಬೇಸಿಗೆ ಅದು. ಜರ್ಸಿ ಸಿಟಿಯ ಕಚೇರಿಯಲ್ಲಿದ್ದ ನಿಮ್ಮಪ್ಪನ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಬೆಳಗ್ಗೆ ಎದ್ದು ಶರ್ಟು ತೊಟ್ಟು, ಹೋಗಲು ಎಲ್ಲೂ ಇಲ್ಲದೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನೀನು ತೊಟ್ಟಿಲಲ್ಲಿದ್ದೆ. ಮನೆಗೆ ಬರುತ್ತಿದ್ದದ್ದು ನನ್ನ ಸಂಬಳ ಒಂದೇ. ತಂಡದಲ್ಲೂ ಜನರನ್ನು ತೆಗೆಯುತ್ತಿದ್ದರು. ಟಿಕೆಟು ಕೊಡುವವರು ಹೋದರು, ಹುಲ್ಲು ಕತ್ತರಿಸುವವರಲ್ಲಿ ಇಬ್ಬರು ಹೋದರು. ನಮ್ಮ ಕೋಣೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ನೂರಕ್ಕ ಮುಖ್ಯಸ್ಥೆ, ನಾನು ಹೊಲಿಗೆ ಮತ್ತು ಇಸ್ತ್ರಿಗೆ.

ಜನರನ್ನು ಸೆಳೆಯಲು ಆ ವರ್ಷ ಒಂದು ಪ್ರದರ್ಶನ ಮಾಡಿದರು. ನಮ್ಮ ರಾಜ್ಯದ ತಂಡಗಳಲ್ಲಿ ಒಂದಲ್ಲ ಒಂದು ಕಾಲದಲ್ಲಿ ಆಡಿಹೋದ ಮಹಾ ಆಟಗಾರರ ಹಳೆಯ ಅಂಗಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು. ಡಾನ್ ನಮಗೆ ಒಬ್ಬೊಬ್ಬರ ಕಥೆ ಹೇಳುತ್ತಿದ್ದ. ಒಬ್ಬ ಮೇಲೇರುವ ದಾರಿಯಲ್ಲಿ ಇಲ್ಲಿ ಅರ್ಧ ಬೇಸಿಗೆ ಆಡಿದವನು. ಇನ್ನೊಬ್ಬ ಇಳಿಯುವ ದಾರಿಯಲ್ಲಿ ಬಂದವನು. ಮತ್ತೊಬ್ಬರು ಕಪ್ಪು ಜನರ ತಂಡದವರು. ದೊಡ್ಡ ಲೀಗು ಕಪ್ಪು ಆಟಗಾರರನ್ನು ಒಳಗೆ ಬಿಡದಿದ್ದ ಕಾಲದಲ್ಲಿ ನೂಅರ್ಕ್ ಊರಿನಲ್ಲಿ ಎರಡು ಬೇಸಿಗೆ ಆಡಿದ್ದರು. ಬಾಗಿಲು ತೆರೆದ ಮೇಲೆ ಮೇಲಕ್ಕೆ ಹೋಗಿ ಹೆಸರುವಾಸಿಯಾದರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಅಂಗಿಯನ್ನು ಮಗಳು ಲೊರೇನ್ ಎಂಬ ಹಿರಿಯ ಹೆಂಗಸು ತಂದುಕೊಟ್ಟಳು. ನೂರಕ್ಕ ರಿಜಿಸ್ಟರಿನಲ್ಲಿ ಸಹಿ ಹಾಕಿ ಪಡೆದುಕೊಂಡಳು. ಅದನ್ನು ಏನೂ ಮಾಡುವುದಿರಲಿಲ್ಲ. ತೆಳು ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡುವುದು, ಶನಿವಾರ ಲೊರೇನ್ ಬಂದು ತನ್ನ ಕೈಯಿಂದಲೇ ಗಾಜಿನೊಳಗಿನ ಬೊಂಬೆಗೆ ತೊಡಿಸುವುದು, ಇಷ್ಟೇ.

ಶುಕ್ರವಾರ ಮಧ್ಯಾಹ್ನ ನೂರಕ್ಕ ಎಂದಿನಂತೆ ನಮಾಜಿಗೆ ಹೊರಟಳು. ಆ ಒಂದು ಗಂಟೆಗೆ ಅವಳು ಯಾರ ಅಪ್ಪಣೆಯನ್ನೂ ಪಡೆದಿರಲಿಲ್ಲ. ಅಷ್ಟು ಹೊತ್ತು ನಾನು ಯಂತ್ರ ನೋಡಿಕೊಳ್ಳುತ್ತಿದ್ದೆ, ಏಕಾದಶಿಯ ದಿನ ನಾನು ಬೇಗ ಮನೆಗೆ ಹೋದರೆ ಅವಳು ನನ್ನ ಕೆಲಸ ಮಾಡುತ್ತಿದ್ದಳು. ಇದು ನಮ್ಮಿಬ್ಬರ ಒಪ್ಪಂದ.

"ಆ ಪೆಟ್ಟಿಗೆ ಕಡೆ ಕಣ್ಣಿರಲಿ ಸರೋಜಾ. ಬೆಲೆ ಕಟ್ಟಕ್ಕಾಗಲ್ವಂತೆ" ಎಂದು ಹೋದಳು.

ನಾನು ಮುಚ್ಚಳ ತೆಗೆದು ನೋಡಿದೆ. ದಪ್ಪ ಉಣ್ಣೆಯ ಬೂದು ಅಂಗಿ. ಎಡಭುಜದ ಮೇಲೆ ಅಂಗೈಯಗಲದ ಕಂದು ಜಿಡ್ಡಿನ ಕಲೆ. ಕಾಲರಿನ ಒಳಗೆ ಬೆವರಿನ ಹಳದಿ. ನನಗೆ ಮನಸ್ಸು ಕಲಕಿತು. ಇಷ್ಟು ದೊಡ್ಡ ಮನುಷ್ಯ, ಬದುಕಿದ್ದಾಗ ಜನರಿಂದ ಏನೇನೋ ಅನ್ನಿಸಿಕೊಂಡವರು. ಸತ್ತ ಮೇಲೆ ಅವರ ಅಂಗಿಯನ್ನು ಕೊಳೆಯ ಸಮೇತ ಸಾವಿರ ಜನರ ಮುಂದೆ ತೂಗುಹಾಕುವುದೇ? ನಮ್ಮ ಮನೆಯಲ್ಲಿ ಹಿರಿಯರ ಫೋಟೋಗೆ ಹೂವಿಡುವ ಮೊದಲು ಗಾಜು ಒರೆಸದಿದ್ದರೆ ನನ್ನ ಅತ್ತೆ ಬೈಯುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ಅವರ ಒಂದೊಂದು ಅಂಗಿಯನ್ನೂ ಒಗೆದು, ಇಸ್ತ್ರಿ ಹಾಕಿಯೇ ಪೆಟ್ಟಿಗೆಗೆ ಇಟ್ಟವಳು ನಾನು. ಗೌರವವೆಂದರೆ ನನಗೆ ಗೊತ್ತಿದ್ದದ್ದು ಅದೊಂದೇ.

ಕಲೆ ಎಣ್ಣೆಯದು ಎಂದು ಮುಟ್ಟಿದ ಕೂಡಲೇ ತಿಳಿಯಿತು. ನನ್ನ ಚೀಲದಲ್ಲಿ ಅಂಟುವಾಳದ ಪುಡಿಯ ಪೊಟ್ಟಣ ಇರುತ್ತಿತ್ತು. ಇಡೀ ಅಂಗಿಯನ್ನು ನೀರಿಗೆ ಹಾಕಲಿಲ್ಲ. ಭುಜ ಮತ್ತು ಕಾಲರು ಮಾತ್ರ. ತಣ್ಣೀರಿನಲ್ಲಿ ನೊರೆ ಎಬ್ಬಿಸಿ, ಬೆರಳ ತುದಿಯಿಂದ, ಮಗುವಿನ ತಲೆ ತಿಕ್ಕಿದ ಹಾಗೆ ತಿಕ್ಕಿದೆ. ಎರಡು ಟವೆಲಿನ ನಡುವೆ ಒತ್ತಿ, ಫ್ಯಾನಿಗೆ ಹಿಡಿದು, ಹಬೆಯಲ್ಲಿ ಸರಿಮಾಡಿದೆ. ಉಣ್ಣೆ ಕುಗ್ಗಲಿಲ್ಲ, ಬಣ್ಣ ಬಿಡಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವ ಬಟ್ಟೆಯನ್ನೂ ಒಗೆದಿರಲಿಲ್ಲ. ನೂರಕ್ಕ ವಾಪಸ್ಸು ಬರುವಷ್ಟರಲ್ಲಿ ಅಂಗಿ ಕಾಗದದೊಳಗಿತ್ತು. ಅವಳಿಗೆ ಹೇಳಬೇಕೆಂದುಕೊಂಡೆ. ಟೋಪಿಯ ವಿಷಯಕ್ಕೆ ನಕ್ಕಿದ್ದಳಲ್ಲ, ನಾಳೆ ಎಲ್ಲರೂ ಹೊಗಳಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಶನಿವಾರ ಲೊರೇನ್ ನಮ್ಮ ಕೋಣೆಗೆ ಬಂದಳು. ತಲೆಗೆ ಚರ್ಚಿಗೆ ಹಾಕುವಂಥ ಟೋಪಿ, ಕೈಗೆ ಬಿಳಿ ಗವಸು. ಜೊತೆಗೆ ಡಾನ್. ಕಾಗದ ಬಿಡಿಸಿ ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಭುಜವನ್ನು ನೋಡಿದಳು. ಗವಸು ಕಳಚಿ ಬೆರಳಿಂದ ಸವರಿದಳು. ಆಮೇಲೆ ಅದನ್ನು ಮೂಗಿಗೆ ಹಿಡಿದಳು.

"ಇಟ್ ಸ್ಮೆಲ್ಸ್ ಲೈಕ್ ಸೋಪ್" ಎಂದಳು. ಅಷ್ಟೇ.

ಡಾನ್ ಕುರ್ಚಿ ತಂದು ಕೂರಿಸಿದ. ಅವಳು ನಿಧಾನವಾಗಿ ಹೇಳಿದ್ದನ್ನು ನಾನು ಅಂದೇ ಅರ್ಥಮಾಡಿಕೊಂಡೆ. ಆ ಕಾಲದಲ್ಲಿ ಬೇರೆ ಊರಿಗೆ ಆಡಲು ಹೋದರೆ ಅವರ ತಂಡಕ್ಕೆ ಹೋಟೆಲುಗಳಲ್ಲಿ ಕೋಣೆ ಕೊಡುತ್ತಿರಲಿಲ್ಲ. ಬಸ್ಸಿನಲ್ಲೇ ಮಲಗುತ್ತಿದ್ದರು. ಒಮ್ಮೆ ಹೊಸದಾಗಿ ಮದುವೆಯಾಗಿದ್ದ ಅವಳ ತಾಯಿಯೂ ಜೊತೆಗೆ ಹೋಗಿದ್ದಳು. ಗಂಡನ ಭುಜದ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ನಿದ್ದೆ ಮಾಡಿದ್ದಳು. ಅವಳ ತಲೆಗೂದಲಿನ ಎಣ್ಣೆಯ ಕಲೆ ಅದು. ಲೊರೇನ್‌ಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಆ ಅಂಗಿಯನ್ನು ಒಗೆಯಲು ಯಾರಿಗೂ ಬಿಡಲಿಲ್ಲ, ಅವರ ನಂತರ ಲೊರೇನ್ ಕೂಡ ಬಿಡಲಿಲ್ಲ. ಅರವತ್ತು ವರ್ಷ.

ಡಾನ್ ನಮ್ಮಿಬ್ಬರನ್ನೂ ಕೇಳಿದ. ನೂರಕ್ಕ ತಾನು ಮುಟ್ಟಿಲ್ಲ ಎಂದಳು. ನಾನೂ ಏನೋ ಹೇಳಿದೆ. ರಿಜಿಸ್ಟರಿನಲ್ಲಿ ಇದ್ದದ್ದು ಅವಳ ಸಹಿ. ಪೆಟ್ಟಿಗೆಯ ಹತ್ತಿರ ನೀನು ಪೂರ್ತಿ ಹೊತ್ತು ಇದ್ದೆಯಾ ಎಂದು ಕೇಳಿದಾಗ ಅವಳು ಇದ್ದೆ ಎಂದಳು. ಇರಲಿಲ್ಲ ಎಂದರೆ ಶುಕ್ರವಾರದ ನಮಾಜಿನ ವಿಷಯ ಬರುತ್ತಿತ್ತು. ಅವಳು ಹೇಳಿದ ಒಂದೇ ಸುಳ್ಳು ಅದು. ಅದೇ ಅವಳ ಕುತ್ತಿಗೆಗೆ ಬಂತು. ಸೋಮವಾರ ಅವಳನ್ನು ಕೆಲಸದಿಂದ ತೆಗೆದರು. ಹದಿಮೂರು ವರ್ಷ ಒಂದು ಅಂಗಿಯನ್ನೂ ಕೆಡಿಸದವಳು.

ಅವಳು ತನ್ನ ಮಗ್ಗು, ಚಪ್ಪಲಿ, ನಮಾಜಿನ ಚಾಪೆ ಚೀಲಕ್ಕೆ ತುಂಬಿಕೊಂಡು ನನ್ನ ಹತ್ತಿರ ಬಂದಳು.

"ಹುಷಾರು ಸರೋಜಾ. ನನ್ನ ಮೇಲಿನ ಕೋಪ ನಿನ್ನ ಮೇಲೆ ತೀರಿಸ್ತಾರೇನೋ. ಬಾಯಿ ಮುಚ್ಕೊಂಡು ಕೆಲಸ ಮಾಡು. ಮನೇಲಿ ಮಗು ಇದೆ."

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಆ ತಿಂಗಳೇ ನನ್ನನ್ನು ಅವಳ ಜಾಗಕ್ಕೆ ಏರಿಸಿದರು. ಅದನ್ನು ಕೇಳಿ ನಿಮ್ಮಮ್ಮ ಶಾವಿಗೆ ಪಾಯಸ ಮಾಡಿದಳು. ಎಷ್ಟೋ ತಿಂಗಳ ಮೇಲೆ ನಿಮ್ಮಪ್ಪ ಅವತ್ತು ನಗುತ್ತಾ ಊಟ ಮಾಡಿದರು. ನಾನು ಎರಡು ಬಟ್ಟಲು ಪಾಯಸ ಕುಡಿದೆ. ಮುಂದೆ ಒಂಬತ್ತು ವರ್ಷ, ಮಂಡಿನೋವು ಬಂದು ನಿಲ್ಲಿಸುವವರೆಗೆ, ಆ ಕುರ್ಚಿಯಲ್ಲೇ ಕುಳಿತೆ. ಬಟ್ಟೆಗೆ ಚೀಟಿ ಕಟ್ಟುವ ಕಾಲ ಹೋಗಿ ಯಂತ್ರವೇ ಗುರುತು ಓದುವ ಕಾಲ ಬಂತು, ಸೋಪನ್ನು ಯಂತ್ರವೇ ಅಳೆದು ಹಾಕಿಕೊಳ್ಳುವಂತಾಯಿತು. ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ, ಕೇಳದೆ ಏನನ್ನೂ ಒಗೆಯಬೇಡಿ ಎಂಬುದು. ಎಲ್ಲರೂ ನನ್ನನ್ನು ಬಹಳ ಜಾಗರೂಕತೆಯ ಹೆಂಗಸು ಎನ್ನುತ್ತಿದ್ದರು.

ನೂರಕ್ಕನಿಗೆ ಆ ಹೊತ್ತಿನಲ್ಲಿ ಎಲ್ಲೂ ಕೆಲಸ ಸಿಗಲಿಲ್ಲ. ಹಳೆಯ ಕೆಲಸ ಯಾಕೆ ಹೋಯಿತು ಎಂದು ಎಲ್ಲರೂ ಕೇಳುತ್ತಿದ್ದರಂತೆ. ಮನೆ ಖಾಲಿ ಮಾಡಿ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿದ್ದ ತಂಗಿಯ ಮನೆ ಸೇರಿದಳು, ಅವರಿವರ ಮಕ್ಕಳನ್ನು ನೋಡಿಕೊಂಡಳು. ಕೆಲವು ವರ್ಷಗಳ ಮೇಲೆ ಅಲ್ಲಿನ ಹಿಲ್‌ಸೈಡ್ ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ನಾನು ಹುಣಸೆಹಣ್ಣು ಆರಿಸುತ್ತಿದ್ದಾಗ ಹಿಂದಿನಿಂದ ಬಂದು ಹೆಗಲು ಹಿಡಿದಳು. ಮನೆಗೆ ಕರೆದುಕೊಂಡು ಹೋಗಿ ಚಹಾ, ಬೆಣ್ಣೆ ಬಿಸ್ಕತ್ತು ಕೊಟ್ಟಳು. "ಡಾನ್ ಹೇಗಿದಾನೆ? ಆ ಮೂರನೇ ಯಂತ್ರ ಇನ್ನೂ ಕುಣಿಯುತ್ತಾ?" ಎಂದು ಕೇಳಿದಳು. ಇವತ್ತು ಹೇಳುತ್ತೇನೆ ಎಂದುಕೊಂಡು ಚಹಾ ಕುಡಿದೆ. ಇನ್ನೊಂದು ಲೋಟ ಕುಡಿದೆ. ಹೇಳದೆ ಬಂದೆ. ಲೊರೇನ್ ತೀರಿಕೊಂಡ ಸುದ್ದಿ ಬಂದಾಗಲೂ ನೂರಕ್ಕನಿಗೆ ಹೇಳಲಿಲ್ಲ. ಲೊರೇನ್‌ಗೆ ಹೇಳಬೇಕಾದದ್ದು ಹಾಗೆಯೇ ನನ್ನಲ್ಲಿ ಉಳಿದುಹೋಯಿತು.

ಮೊನ್ನೆ ನಿನ್ನ ಮಾತು ಕೇಳಿದ ಮೇಲೆ ಎರಡು ದಿನ ಕುಳಿತು ಇಲ್ಲಿಯವರೆಗೆ ಬರೆದೆ. ಬರೆದು ಮುಗಿಯಿತು ಎಂದುಕೊಂಡೆ. ಆದರೆ ಮೊಮ್ಮಕ್ಕಳಿಗೆ ಹೇಳಿ ನೂರಕ್ಕನಿಗೆ ಹೇಳದಿರುವುದು ಇನ್ನೊಂದು ಕಳ್ಳತನ ಎನ್ನಿಸಿತು. ಇವತ್ತು ಬೆಳಗ್ಗೆ ನೀವೆಲ್ಲ ಹೊರಗೆ ಹೋದ ಮೇಲೆ ಫೋನ್ ಮಾಡಿದೆ. ನೂರಕ್ಕನಿಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಬರೆದದ್ದನ್ನು ಮೊದಲಿನಿಂದ ಓದಿ ಹೇಳಿದೆ. ಟೋಪಿಯ ಕಥೆಗೆ ನಕ್ಕಳು. ಅಂಗಿಯ ಕಥೆಯನ್ನೂ ಓದಿದೆ. ಮುಗಿದ ಮೇಲೆ ಲೈನು ಕಟ್ಟಾಯಿತೇನೋ ಎಂದುಕೊಂಡೆ.

"ನೂರಕ್ಕಾ?"

"ಇದೀನಿ."

"ಏನಾದ್ರೂ ಬೈಯಿ ಅಕ್ಕ."

"ಡಾನ್ ಕೇಳಿದಾಗ 'ನಾನೂ ಏನೋ ಹೇಳಿದೆ' ಅಂತ ಬರ್ದಿದೀಯಲ್ಲ. ಏನು ಹೇಳ್ದೆ ಅನ್ನೋದು ಜ್ಞಾಪಕ ಇಲ್ವಾ ನಿಂಗೆ?"

ನಾನು ಹಾಳೆ ತಿರುವಿ ಆ ಸಾಲನ್ನು ಹುಡುಕಿದೆ.

"ನಂಗೆ ಜ್ಞಾಪಕ ಇದೆ. ಅದನ್ನೂ ಬರಿ" ಎಂದಳು. ಫೋನ್ ಇಟ್ಟಳು.

ಬರೆಯುತ್ತೇನೆ.

ಡಾನ್ ಅಂಗಿಯನ್ನು ನನ್ನ ಮುಂದೆ ಹಿಡಿದು, "ಸ್ಯಾರಾ, ಡಿಡ್ ಯು ವಾಶ್ ದಿಸ್?" ಎಂದು ಕೇಳಿದ. ಎಷ್ಟೋ ವರ್ಷಗಳಿಂದ ಅವನ ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಿದ್ದ ನನಗೆ ಅದು ಅರ್ಥವಾಯಿತು. ನಾನು ಕಣ್ಣರಳಿಸಿ, "ನೋ ಇಂಗ್ಲಿಷ್, ಸರ್" ಎಂದೆ. ಗಾಬರಿಯಲ್ಲಿ ನನಗೆ ಇಂಗ್ಲಿಷ್ ಹೊಳೆಯುತ್ತಿಲ್ಲ ಎಂದುಕೊಂಡು ಡಾನ್ ನೂರಕ್ಕನ ಕಡೆ ತಿರುಗಿ, ಇವಳ ಭಾಷೆಯಲ್ಲಿ ಕೇಳು ಎಂದ. ನೂರಕ್ಕ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. ನಾನು ಹೆದರಿದ್ದೇನೆ ಎಂದುಕೊಂಡಿದ್ದಳು. "ಸರೋಜಾ, ಹೆದರ್ಕೋಬೇಡ. ಆ ಅಂಗಿ ನೀನೇನಾದ್ರೂ ಒಗೆದ್ಯಾ ಅಂತ ಕೇಳ್ತಿದಾರೆ. ಒಗೆದಿದ್ರೆ ಒಗ್ದೆ ಅನ್ನು, ನಾನು ಮಾತಾಡ್ತೀನಿ ಅವರ ಹತ್ರ" ಎಂದು ಕನ್ನಡದಲ್ಲಿ ಕೇಳಿದಳು.

ನಾನು ಅವಳ ಮುಖ ನೋಡಿಕೊಂಡು, ನಮ್ಮ ಭಾಷೆಯಲ್ಲಿ, "ಇಲ್ಲ ಅಕ್ಕ" ಎಂದೆ.

ನೂರಕ್ಕ ಡಾನ್ ಕಡೆ ತಿರುಗಿ, ನನ್ನ ಪರವಾಗಿ ಇಂಗ್ಲಿಷಿನಲ್ಲಿ, "ಶಿ ಡಿಡ್‌ನಾಟ್, ಸರ್. ಐ ನೋ ಹರ್" ಎಂದಳು.